ಅತ್ತೆಯವರಿಗೊಂದು ಹುಟ್ಟಿದ ದಿನ

ನಮ್ಮ ಊರಿನ ಪತ್ರಿಕೆಯೊಂದರ ನಾಲ್ಕನೆಯ ಪುಟದಲ್ಲಿ, ರಾಶಿಭವಿಷ್ಯಕ್ಕೂ ಅಡಿಕೆ ಧಾರಣೆಗೂ ನಡುವೆ, ಚಿಕ್ಕದೊಂದು ಚೌಕ ಬರುತ್ತದೆ. ಹಿಂದೆ ಇದೇ ದಿನ ಯಾವ ದೇಶದಲ್ಲಿ ಯುದ್ಧ ನಿಂತಿತು, ಯಾವ ಸೇತುವೆ ಉದ್ಘಾಟನೆಯಾಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು, ಇವತ್ತು ಯಾವುದರ ದಿನಾಚರಣೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಅದನ್ನು ಬರೆಯುವವನು ನಾನು. ಹೀಗೆಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ. ಯಾರಾದರೂ ಒಬ್ಬರು ಬರೆಯಲೇಬೇಕಿತ್ತು. ಉಳಿದವರೆಲ್ಲ ನನಗಿಂತ ಮೊದಲೇ ನೆಪ ಹೇಳಿ ತಪ್ಪಿಸಿಕೊಂಡರು. ರಾಶಿಭವಿಷ್ಯ ಓದಿ ಮುಗಿಸಿ ಅಡಿಕೆ ಧಾರಣೆಗೆ ಹೋಗುವವರ ಕಣ್ಣು ನನ್ನ ಚೌಕವನ್ನು ದಾಟಿಕೊಂಡೇ ಹೋಗಬೇಕು. ನನಗೆ ಸಿಕ್ಕಿರುವ ಓದುಗರೆಲ್ಲ ಹೀಗೆ ದಾರಿಯಲ್ಲಿ ಸಿಕ್ಕಿದವರು.

ಜಗತ್ತು ಸುಮ್ಮನಿದ್ದ ದಿನ ಒಂದೂ ಇಲ್ಲ ಎಂಬುದು ಈ ಕೆಲಸದಿಂದ ನಾನು ಕಲಿತ ಪಾಠ. ಸಾವುಗಳಿಗೆ ಕೊರತೆಯಿಲ್ಲ. ಹುಟ್ಟುಗಳಿಗೂ ಇಲ್ಲ, ಆದರೆ ಹುಟ್ಟಿದವರು ಆಮೇಲೆ ಏನಾದರೂ ಮಾಡಿರಬೇಕು ಎಂದು ನಮ್ಮ ಕಚೇರಿಯಲ್ಲೊಂದು ನಿಯಮವಿದೆ. ದಿನಾಚರಣೆಗಳಂತೂ ದಿನಕ್ಕೆ ಎರಡು ಮೂರು ಬಂದು ಬೀಳುತ್ತವೆ. ಒಮ್ಮೆ ಜಾಗ ಉಳಿಯಿತೆಂದು ‘ಇಂದು ವಿಶ್ವ ಸಿಂಹ ದಿನ’ ಎಂದು ಬರೆದೆ. ಅದನ್ನು ಓದಿದ ನಮ್ಮ ಪಕ್ಕದ ಮನೆಯವರು, ಇವತ್ತು ಏನೋ ವಿಶೇಷ ಇರುತ್ತದೆಂದುಕೊಂಡು ಸಂಸಾರ ಸಮೇತ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋದರು. ಸಿಂಹ ಮಲಗಿತ್ತಂತೆ. ಅವರು ನನ್ನ ಜೊತೆ ಸುಮಾರು ದಿನ ಮಾತು ಬಿಟ್ಟಿದ್ದರು. ಸಿಂಹದ ಜೊತೆಗೂ ಬಿಟ್ಟಿರಬಹುದು.

ಇಂಥ ಕೆಲಸದಿಂದ ಮನೆಯಲ್ಲಿ ಮರ್ಯಾದೆ ಹೆಚ್ಚುತ್ತದೆಂದು ನಾನು ಎಂದೂ ಭಾವಿಸಿರಲಿಲ್ಲ. ನನ್ನ ಹೆಂಡತಿ ಗಿರಿಜಾ ಈ ವಿಷಯದಲ್ಲಿ ಸ್ಪಷ್ಟವಾಗಿದ್ದಾಳೆ. “ಮುನ್ನೂರು ವರ್ಷದ ಹಿಂದೆ ಯಾವನೋ ರಾಜ ಒಪ್ಪಂದ ಮಾಡ್ಕೊಂಡಿದ್ದು ನಿಮಗೆ ನೆನಪಿರುತ್ತೆ. ಬೆಳಿಗ್ಗೆ ನಾನು ಕೊತ್ತಂಬರಿ ಸೊಪ್ಪು ಹೇಳಿದ್ದು ನೆನಪಿರಲ್ಲ” ಎನ್ನುತ್ತಾಳೆ. ಆ ರಾಜನಿಗೆ ಯಾರೂ ಕೊತ್ತಂಬರಿ ಸೊಪ್ಪು ಹೇಳಿರಲಿಲ್ಲ ಎಂಬ ಉತ್ತರ ನನ್ನ ಬಳಿ ಇದೆ. ಇದುವರೆಗೆ ಉಪಯೋಗಿಸಿಲ್ಲ.

ನನ್ನ ಚೌಕವನ್ನು ಅಡಿಕೆಗಾಗಿಯೂ ಅಲ್ಲದೆ, ಭವಿಷ್ಯಕ್ಕಾಗಿಯೂ ಅಲ್ಲದೆ, ಅದಕ್ಕಾಗಿಯೇ ಓದುವವರು ಒಬ್ಬರಿದ್ದಾರೆ. ಅವರು ನಮ್ಮ ಅತ್ತೆ, ಅಂದರೆ ಗಿರಿಜಾಳ ತಾಯಿ, ಸರ್ವಮಂಗಳಮ್ಮನವರು. ಭದ್ರಾವತಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಕಬ್ಬಿಣದ ಕಾರ್ಖಾನೆಯ ನೌಕರರೊಬ್ಬರನ್ನು ಮದುವೆಯಾಗಿ, ಮಾವನವರು ಹೋದಮೇಲೆ ಆಲ್ಕೊಳದ ನಮ್ಮ ಮನೆಗೆ ಬಂದವರು. ಬೆಳಿಗ್ಗೆ ಕಾಫಿ ಕುಡಿದು, ಕನ್ನಡಕ ಒರೆಸಿ, ಚೌಕವನ್ನು ಗಟ್ಟಿಯಾಗಿ ಓದುತ್ತಾರೆ. ಸತ್ತವರಿಗೆಲ್ಲ ‘ಪಾಪ’ ಎನ್ನುತ್ತಾರೆ. ನಾನೂರು ವರ್ಷದ ಹಿಂದೆ ಸತ್ತವರಿಗೂ ಅದೇ ‘ಪಾಪ’. ಸಮಯ ಕಳೆದಿದೆಯೆಂದು ರಿಯಾಯಿತಿ ಇಲ್ಲ.

ಕಳೆದ ಜೂನ್ ಒಂದರಂದು ಅವರು ಓದಿದ್ದು ‘ವಿಶ್ವ ಹಾಲು ದಿನ’ ಎಂದು. ಅದೇ ಹೊತ್ತಿಗೆ ಅವರ ಮೊಬೈಲು ಕುಂಯ್‌ಗುಟ್ಟಿತು. ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ. ಸ್ವಲ್ಪ ಹೊತ್ತಿಗೆ ಕನ್ನಡಕದ ಅಂಗಡಿಯಿಂದ ಇನ್ನೊಂದು. ನಾನೂ ಎದ್ದು ನಿಂತು, “ಹುಟ್ಟುಹಬ್ಬದ ಶುಭಾಶಯ ಅತ್ತೆ” ಎಂದೆ.

“ನನಗಲ್ಲ, ಮೇಷ್ಟ್ರಿಗೆ ಹೇಳಿ” ಎಂದರು ಅತ್ತೆ.

ಯಾವ ಮೇಷ್ಟ್ರು ಎಂದು ಕೇಳಿದ್ದಕ್ಕೆ ವಿವರಿಸಿದರು. ಅವರನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಕೇಳಿದರಂತೆ. ಅವರ ಅಪ್ಪ ತಲೆ ಕೆರೆದುಕೊಂಡು, “ನೀವೇ ನೋಡಿ ಒಂದು ಹಾಕಿ ಮೇಷ್ಟ್ರೇ” ಎಂದರಂತೆ. ಮೇಷ್ಟ್ರು ಜೂನ್ ಒಂದು ಎಂದು ಬರೆದರು. ಹಿಂದಿನ ಹುಡುಗಿಗೂ ಅದನ್ನೇ ಬರೆದಿದ್ದರು, ಮುಂದಿನ ಹುಡುಗನಿಗೂ ಅದನ್ನೇ ಬರೆದರು. ಹೀಗಾಗಿ ಅವರ ತರಗತಿಯಲ್ಲಿ ಬೆಂಚಿಗೆ ಬೆಂಚೇ ಒಂದೇ ದಿನ ಹುಟ್ಟಿತ್ತು.

“ಅಣ್ಣಂದು ಹಂಗಲ್ಲ” ಎಂದು ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಅಣ್ಣಂಗೆ ವಾರ, ನಕ್ಷತ್ರ, ಹೊತ್ತು, ಎಲ್ಲಾ ಗೊತ್ತಿತ್ತು. ನಮ್ಮಪ್ಪ ಬಾಯಲ್ಲೇ ಹೇಳೋರು. ನನ್ನದು ಕೇಳಿದ್ರೆ ‘ಆವಾಗ್ಲೇ ಕಣೆ, ಒಂದ್ಸಲ’ ಅನ್ನೋರು. ಹೆಣ್ಣುಮಗು ಅಲ್ವಾ, ಯಾರು ನೆನಪಿಟ್ಕೋತಾರೆ.” ಆಮೇಲೆ ನನ್ನ ಕಡೆ ತಿರುಗಿ, “ಅಳಿಯಂದ್ರೇ, ನೀವು ಪ್ರಪಂಚದಲ್ಲಿ ಹುಟ್ಟಿದವರದ್ದೆಲ್ಲ ಹುಡುಕಿ ಬರೀತೀರಿ. ನಾನು ಯಾವತ್ತು ಹುಟ್ಟಿದೆ ಅಂತ ಒಂಚೂರು ಹುಡುಕಿ. ಎಂಬತ್ತಾಗ್ತಾ ಬಂತು. ಹೋಗೋದ್ರೊಳಗೆ ಬಂದ ದಿನ ಗೊತ್ತಾಗಲಿ” ಎಂದರು.

ಅವರು ಅದನ್ನು ಅಳುತ್ತಾ ಹೇಳಲಿಲ್ಲ. ತರಕಾರಿಯವನಿಗೆ ನಾಳೆ ಬದನೆಕಾಯಿ ತಾ ಎಂದು ಹೇಳುವ ಹಾಗೆ ಹೇಳಿದರು. ಅದರಿಂದಲೇ ನನಗೆ ಇಲ್ಲವೆನ್ನಲು ಆಗಲಿಲ್ಲ. ಜೊತೆಗೆ, ನನ್ನ ಕೆಲಸದ ಬಗ್ಗೆ ನಂಬಿಕೆ ಇಟ್ಟುಕೊಂಡಿರುವ ವ್ಯಕ್ತಿ ಈ ಊರಿನಲ್ಲಿ ಅವರೊಬ್ಬರೇ. ಅವರನ್ನೂ ಕಳೆದುಕೊಂಡರೆ ನನಗೆ ಉಳಿಯುವುದು ಅಡಿಕೆ ಧಾರಣೆಯವರು ಮಾತ್ರ.

ಒಂದು ಭಾನುವಾರ ಅತ್ತೆಯವರನ್ನು ಕರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಅವರ ಅಣ್ಣ ರುದ್ರಪ್ಪನವರು ಹಳೇನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಅತ್ತೆ ಹುಟ್ಟಿದಾಗ ಅವರಿಗೆ ಏಳೋ ಎಂಟೋ ವರ್ಷ. ಪ್ರತ್ಯಕ್ಷ ಸಾಕ್ಷಿ. ಒಬ್ಬರ ಮಾತನ್ನೇ ನಂಬಿ ಚರಿತ್ರೆ ಬರೆಯಬಾರದೆಂಬ ನನ್ನ ಕಸುಬಿನ ಜಾಣತನದಿಂದ, ಅತ್ತೆಯವರ ಬಾಲ್ಯದ ಗೆಳತಿ ಮರಗತಮ್ಮನವರನ್ನೂ ಅಲ್ಲಿಗೇ ಬರಹೇಳಿದ್ದೆ. ಅವರ ಅಪ್ಪ ಕಾರ್ಖಾನೆಯ ಕೆಲಸಕ್ಕಾಗಿ ತಮಿಳುನಾಡಿನಿಂದ ಬಂದವರು. ಅತ್ತೆಯವರ ಅಪ್ಪನಿಗೂ ಅಲ್ಲೇ ಕೆಲಸ. ಎರಡೂ ಸಂಸಾರ ಒಂದೇ ಸಾಲಿನ ಮನೆಗಳಲ್ಲಿ, ಒಂದು ಗೋಡೆಯ ಅಂತರದಲ್ಲಿ ಇದ್ದವು. ಮರಗತಮ್ಮ ಅತ್ತೆಗಿಂತ ಆರು ವರ್ಷ ದೊಡ್ಡವರು. ಒಬ್ಬರಿಗಿಂತ ಇಬ್ಬರು ಸಾಕ್ಷಿಗಳು ಒಳ್ಳೆಯದೆಂದು ನಾನು ಆ ದಿನದವರೆಗೆ ನಂಬಿದ್ದೆ.

ರುದ್ರಪ್ಪನವರಿಗೆ ಕಿವಿ ಸ್ವಲ್ಪ ಮಂದ. ವಿಷಯವನ್ನು ಎರಡು ಸಲ ಕೂಗಿ ಹೇಳಿದಮೇಲೆ ಅವರ ಮುಖ ಅರಳಿತು. “ಅಯ್ಯೋ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ದೀಪಾವಳಿ. ಅನುಮಾನಾನೇ ಇಲ್ಲ” ಎಂದರು.

“ಹೇಗೆ ಹೇಳ್ತೀರಿ?” ಎಂದೆ.

“ಅವತ್ತು ನನಗೆ ಹೊಸ ಚಡ್ಡಿ ಬಂದಿತ್ತು ಸ್ವಾಮಿ. ನೀಲಿ ಚಡ್ಡಿ, ಎರಡು ಜೇಬು. ಅದನ್ನ ಹಾಕ್ಕೊಂಡು ಎಲ್ಲರಿಗೂ ತೋರಿಸೋಣ ಅಂತ ನಿಂತಿದ್ರೆ ಒಬ್ರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಒಳಗೆ ಓಡಾಡ್ತಿದ್ರು. ಆಮೇಲೆ ನೋಡಿದ್ರೆ ಇವಳು ಹುಟ್ಟಿದ್ಲು.” ಎಂಬತ್ತು ವರ್ಷದ ಹಿಂದಿನ ಆ ಅವಮಾನ ಅವರ ಮುಖದಲ್ಲಿ ಇನ್ನೂ ಹಸಿಯಾಗಿತ್ತು. “ನಮ್ಮ ಮನೇಲಿ ಹೊಸ ಬಟ್ಟೆ ಅಂದ್ರೆ ದೀಪಾವಳಿಗೆ ಮಾತ್ರ. ಬರ್ಕೊಳ್ಳಿ.”

ನಾನು ಬರೆದುಕೊಳ್ಳುವ ಮೊದಲೇ ಮರಗತಮ್ಮ ಕೈ ಅಡ್ಡ ಹಿಡಿದರು. “ಇಲ್ಲಪ್ಪಾ, ಬರೀಬೇಡಿ. ದೀಪಾವಳಿ ಎಲ್ಲಿ ಬಂತು? ಜೋರು ಮಳೆ. ನಮ್ಮಮ್ಮಾನೇ ಅಲ್ವಾ ಹೆರಿಗೆ ಮಾಡಿಸಿದ್ದು? ಬಿಸಿನೀರು ಕಾಯಿಸೋಣಾಂದ್ರೆ ಸೌದೆ ಎಲ್ಲಾ ನೆನೆದುಬಿಟ್ಟಿತ್ತು. ನಾನು ಊದಿ ಊದಿ, ಹೊಗೆ ಕುಡಿದು, ಕಣ್ಣೆಲ್ಲ ಕೆಂಪಾಗಿ ಕೂತಿದ್ದೆ. ನಮ್ಮಮ್ಮ ನನಗೇ ಬೈದ್ರು, ‘ನೀ ಯಾಕೆ ಅಳ್ತೀಯಾ, ಹೆರ್ತಿರೋದು ಅವಳು’ ಅಂತ. ಆಷಾಢ. ಕಣ್ಣು ಮುಚ್ಚಿ ಹೇಳ್ತೀನಿ.”

“ಕಣ್ಣು ಮುಚ್ಚೇ ಹೇಳ್ತಿದ್ದೀಯ ಮಾರಾಯ್ತಿ. ಆಷಾಢದಲ್ಲಿ ಯಾರು ಹೊಸ ಚಡ್ಡಿ ಹೊಲಿಸ್ತಾರೆ?”

“ಚಡ್ಡಿ ಯಾವಾಗ ಬೇಕಾದ್ರೂ ಹರಿಯತ್ತೆ ರುದ್ರಣ್ಣ. ಮಳೆ ಯಾವಾಗ ಬೇಕಾದ್ರೂ ಬರತ್ತಾ?”

ಈ ಮಾತಿಗೆ ರುದ್ರಪ್ಪನವರು ಎದ್ದು ನಿಂತರು. ನಾನು ಸಂಶೋಧಕನಾಗಿ ನಡುವೆ ಪ್ರವೇಶಿಸಿ, ಕೆಲವು ವರ್ಷ ದೀಪಾವಳಿಯಲ್ಲೂ ಮಳೆ ಬರುತ್ತದಲ್ಲ, ಎರಡೂ ನಿಜವಿರಬಹುದಲ್ಲ ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲಿ, ಅವರ ಎಂಬತ್ತು ವರ್ಷದ ಸ್ನೇಹಕ್ಕೆ ನಾನು ಧಕ್ಕೆ ತಂದೆನೇನೋ ಅನ್ನಿಸಿತು. ಜಗಳ ಅವರದ್ದು, ಅದನ್ನು ಬಗೆಹರಿಸಲು ಆಲ್ಕೊಳದಿಂದ ಯಾರೂ ಬರಬೇಕಾಗಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಹುಟ್ಟಿದ್ದು ಎಂದು ಇಬ್ಬರೂ ಒಪ್ಪಿದರು. ಯಾವ ಸೈರನ್ ಎಂಬಲ್ಲಿ ಮತ್ತೆ ಬೇರೆಯಾದರು. ಒಬ್ಬರ ಪ್ರಕಾರ ಅಪ್ಪ ಕೆಲಸಕ್ಕೆ ಹೊರಟಿದ್ದರು, ಇನ್ನೊಬ್ಬರ ಪ್ರಕಾರ ಬರುತ್ತಿದ್ದರು.

ಈ ಗದ್ದಲದ ನಡುವೆ ಅತ್ತೆ ಗೋಡೆಗೊರಗಿ ಕುಳಿತು, ಒಮ್ಮೆ ಅಣ್ಣನ ಮುಖ, ಒಮ್ಮೆ ಗೆಳತಿಯ ಮುಖ ನೋಡುತ್ತಿದ್ದರು. ತಾವು ಹುಟ್ಟಿದ ಕತೆಯನ್ನು ಅವರು ಕೇಳುತ್ತಿದ್ದುದು ಅದೇ ಮೊದಲು. ಕಡೆಗೆ ಮೆಲ್ಲನೆ, “ಹೆಣ್ಣು ಅಂತ ಗೊತ್ತಾದಮೇಲೆ ಅಪ್ಪ ಏನಂದ್ರು?” ಎಂದು ಕೇಳಿದರು.

ರುದ್ರಪ್ಪನವರಿಗೆ ಆ ಪ್ರಶ್ನೆ ಮಾತ್ರ ಒಂದೇ ಸಲಕ್ಕೆ ಕೇಳಿಸಿತು. “ಏನಂದ್ರು? ಏನೂ ಅನ್ನಲಿಲ್ಲ. ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದ್ರು. ಸಾಲಿನ ಮನೆಗೆಲ್ಲ ಹಂಚಿದ್ರು” ಎಂದರು.

“ಹೌದು ಕಣೇ!” ಎಂದರು ಮರಗತಮ್ಮ. “ನಿಮ್ಮಪ್ಪ ಮನೆ ಮನೆ ಬಾಗಿಲು ತಟ್ಟಿ, ‘ಹೆಣ್ಣುಮಗು, ಹೆಣ್ಣುಮಗು’ ಅಂತ ಹೇಳ್ಕೊಂಡು ಬೆಲ್ಲ ಕೊಟ್ರು. ನನಗೆ ಎರಡು ಸಲ ಸಿಕ್ತು. ಮುಂಬಾಗಿಲಲ್ಲಿ ಒಂದು, ಹಿತ್ತಿಲ ಬಾಗಿಲಿಗೆ ಓಡಿಹೋಗಿ ಇನ್ನೊಂದು.”

“ನಾನು ಹುಟ್ಟಿದಾಗ ಹಂಚಿರಲಿಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು” ಎಂದು ರುದ್ರಪ್ಪನವರು ಚಡ್ಡಿಯ ವಿಷಯಕ್ಕಿಂತ ಕಡಿಮೆಯಿಲ್ಲದ ದುಃಖದಿಂದ ಸೇರಿಸಿದರು.

ಅತ್ತೆ ಸೆರಗಿನ ತುದಿಯಿಂದ ಕನ್ನಡಕ ಒರೆಸಿದರು. ಅದು ಕೊಳೆಯಾಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಬಹಳ ಹಗುರವಾಗಿದ್ದರು. ನಾನು ಮಾತ್ರ ಪೆಚ್ಚಾಗಿದ್ದೆ. ಆಷಾಢವೋ ಆಶ್ವಯುಜವೋ ಗೊತ್ತಾಗದೆ, ಬೆಳಗೋ ಸಂಜೆಯೋ ಗೊತ್ತಾಗದೆ, ನನ್ನ ಸಂಶೋಧನೆಯಿಂದ ಹೊರಬಿದ್ದದ್ದು ಒಂದು ಚಡ್ಡಿ ಮತ್ತು ಒಂದು ಡಬ್ಬಿ ಬೆಲ್ಲ. ಕ್ಷಮಿಸಿ ಅತ್ತೆ, ತಾರೀಖು ಸಿಗಲಿಲ್ಲ ಎಂದೆ.

“ಹೋಗ್ಲಿ ಬಿಡಿ. ಸಿಗದಿದ್ರೆ ನೀವೇ ಒಂದು ಕೊಡಿ. ಮೇಷ್ಟ್ರು ನೋಡದೆ ಕೊಟ್ರು. ನೀವು ಸ್ವಲ್ಪ ನೋಡಿ ಕೊಡಿ” ಎಂದರು. “ಅಣ್ಣ ಅಷ್ಟು ಆಸೆಪಟ್ಟು ಹೇಳಿದಾನೆ, ದೀಪಾವಳಿ ಆಸುಪಾಸೇ ಇರಲಿ. ಆದ್ರೆ ಅವತ್ತು ಯುದ್ಧಗಿದ್ಧ ಆಗಿರಬಾರದು. ಯಾರೂ ಸತ್ತಿರಬಾರದು.”

ಇದು ಎಷ್ಟು ಕಷ್ಟದ ಷರತ್ತು ಎಂಬುದು ಮನೆಗೆ ಬಂದು ನನ್ನ ಟಿಪ್ಪಣಿಗಳನ್ನು ಹರಡಿಕೊಂಡು ಕುಳಿತಾಗ ತಿಳಿಯಿತು. ಒಂದು ದಿನವನ್ನು ಎತ್ತಿಕೊಂಡರೆ ಅದರಲ್ಲಿ ಭೂಕಂಪ. ಇನ್ನೊಂದರಲ್ಲಿ ದೊರೆಯ ಕೊಲೆ. ಮೂರನೆಯದು ಚೆನ್ನಾಗಿದೆ ಎನ್ನುವಷ್ಟರಲ್ಲಿ ಕೊನೆಯ ಸಾಲಿನಲ್ಲಿ ರೈಲು ಹಳಿ ತಪ್ಪುತ್ತಿತ್ತು. ದಿನಾಚರಣೆಗಳ ಆಧಾರದ ಮೇಲೆ ಆರಿಸೋಣವೆಂದರೆ ಅದರಲ್ಲೂ ಅತ್ತೆಯವರಿಗೆ ಖಚಿತ ಅಭಿಪ್ರಾಯಗಳಿದ್ದವು. ವಿಶ್ವ ಆಹಾರ ದಿನ ಎಂದೆ. “ಅವತ್ತು ಹುಟ್ಟಿದ್ರೆ ಅಡಿಗೆ ನಾನೇ ಮಾಡ್ಬೇಕಾಗುತ್ತೆ” ಎಂದರು. ವಿಶ್ವ ಮಧುಮೇಹ ದಿನ ಎಂದೆ. “ಅದು ದಿನಾ ಇದೆ ನನಗೆ.” ವಿಶ್ವ ಶೌಚಾಲಯ ದಿನದ ಹೆಸರನ್ನು ನಾನು ಎತ್ತಿದ್ದು ಪಟ್ಟಿಯಲ್ಲಿತ್ತೆಂಬ ಕಾರಣಕ್ಕೆ ಮಾತ್ರ. ಗಿರಿಜಾ ಅಡಿಗೆಮನೆಯಿಂದಲೇ, “ನಮ್ಮಮ್ಮನಿಗೆ ಅದೇ ಸಿಕ್ಕಿದ್ದಾ ನಿಮಗೆ?” ಎಂದು ಕೇಳಿದಳು.

ಕೊನೆಗೆ ನವೆಂಬರಿನ ಮೊದಲ ವಾರದಲ್ಲಿ ಒಂದು ದಿನ ಸಿಕ್ಕಿತು. ಬರೆಯಲು ಏನೂ ಸಿಗದ ದಿನವೆಂದು ಪ್ರತಿವರ್ಷ ನಾನು ಶಪಿಸುತ್ತಿದ್ದ ದಿನ ಅದು. ನನ್ನ ಬಳಿ ಇದ್ದದ್ದು ಒಂದೇ ಒಂದು ಸಂಗತಿ: ಯಾವುದೋ ದೇಶದ ಬಂದರಿನಿಂದ ಸರಕು ತುಂಬಿದ ಹಡಗೊಂದು ಹೊರಟಿತ್ತು.

“ಮುಳುಗಲಿಲ್ವಾ?” ಎಂದರು ಅತ್ತೆ ಅನುಮಾನದಿಂದ.

“ಇಲ್ಲ ಅತ್ತೆ. ತಲುಪಿತು.”

“ಎಲ್ಲರೂ ಇದ್ರಾ?”

“ಎಲ್ಲರೂ ಇದ್ದರು.”

“ಹಾಗಾದ್ರೆ ಅದೇ ಇರಲಿ” ಎಂದು ಅತ್ತೆ ಹುಟ್ಟಲು ಒಪ್ಪಿದರು.

ವಿಷಯ ಇಲ್ಲಿಗೇ ಮುಗಿಯಬೇಕಿತ್ತು. ಆ ದಿನದ ಹಿಂದಿನ ರಾತ್ರಿ ಬಂತು. ಹಡಗನ್ನು ಎಷ್ಟು ಎಳೆದರೂ ಚೌಕ ತುಂಬಲಿಲ್ಲ. ಒಂದು ಸಾಲಿನ ಜಾಗ ಉಳಿಯಿತು. ಪುಟ ಕಳಿಸುವ ಅವಸರದಲ್ಲಿ, ಅಥವಾ ಅವಸರ ಎಂಬ ನೆಪದಲ್ಲಿ, ನಾನು ಬರೆದೆ: ‘ಜನನ: ಶ್ರೀಮತಿ ಸರ್ವಮಂಗಳಮ್ಮ, ಭದ್ರಾವತಿ.’

ಬೆಳಿಗ್ಗೆ ಅತ್ತೆ ಎಂದಿನಂತೆ ಗಟ್ಟಿಯಾಗಿ ಓದತೊಡಗಿದರು. ಹಡಗು ಹೊರಟಿತು. ಮುಂದಿನ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದರು, ಹಾಕಿಕೊಂಡರು. ಆಮೇಲೆ ಅದನ್ನು ಗಟ್ಟಿಯಾಗಿ ಓದದೆ, ತಮ್ಮೊಳಗೇ ಓದಿಕೊಂಡು, ಪತ್ರಿಕೆ ಮಡಿಸಿ, ಹಿಂದಿನ ಬಾಗಿಲಿನಿಂದ ಪಕ್ಕದ ಮನೆಗೆ ತೋರಿಸಲು ಹೋದರು.

ಅಷ್ಟರಲ್ಲಿ ನನಗೆ ಫೋನು ಬಂತು. ಊರಾಚೆಯ ಒಂದು ಚಿಕ್ಕ ಶಾಲೆಯ ಮುಖ್ಯೋಪಾಧ್ಯಾಯರು. ಅವರ ಶಾಲೆಯಲ್ಲಿ ಪ್ರತಿದಿನ ಪ್ರಾರ್ಥನೆಯ ನಂತರ ನನ್ನ ಚೌಕವನ್ನು ಓದಿಸುತ್ತಾರಂತೆ. ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಇಷ್ಟು ವರ್ಷ ಇನ್ನಷ್ಟು ಎಚ್ಚರದಿಂದ ಬರೆಯುತ್ತಿದ್ದೆ.

“ಸಾರ್, ಇವತ್ತಿನ ಸರ್ವಮಂಗಳಮ್ಮನವರು ಯಾವ ಕ್ಷೇತ್ರದವರು? ನೀವು ಹಾಕಿಲ್ಲ. ನಮ್ಮ ಜಿಲ್ಲೆಯವರೇ ಅಂತ ಬಹಳ ಖುಷಿಯಾಯ್ತು. ಮಕ್ಕಳಿಗೆ ಸದ್ಯಕ್ಕೆ ‘ಸಮಾಜಕ್ಕೆ ಅಪಾರ ಸೇವೆ ಸಲ್ಲಿಸಿದ್ದಾರೆ’ ಅಂತ ಹೇಳಿದ್ದೀನಿ. ಒಂದು ನಿಮಿಷ ಮೌನಾನೂ ಮಾಡಿಸಿಬಿಟ್ಟೆ.”

“ಸಾರ್, ಅವರು ಹುಟ್ಟಿದ್ದು ಅಂತ ಬರೆದಿದ್ದೆ.”

“ಹೌದು ಸಾರ್. ಆದ್ರೂ ನಿಮ್ಮ ಕಾಲಂನಲ್ಲಿ ಬಂದಿದ್ದಾರೆ ಅಂದ್ರೆ ಹೋಗಿರ್ತಾರೆ ಅಂತ...”

“ಇದ್ದಾರೆ. ಪಕ್ಕದ ಮನೆಗೆ ಹೋಗಿದ್ದಾರೆ.”

ಮುಖ್ಯೋಪಾಧ್ಯಾಯರು ದನಿ ಏರಿಸಿ, “ಇಷ್ಟು ವರ್ಷದಲ್ಲಿ ನಮ್ಮ ಮಕ್ಕಳಿಗೆ ಒಬ್ಬರನ್ನೂ ಜೀವಂತ ತೋರಿಸೋ ಭಾಗ್ಯ ಸಿಕ್ಕಿರಲಿಲ್ಲ ಸಾರ್. ನಾಳೆ ಕರ್ಕೊಂಡು ಬರ್ತೀರಾ?” ಎಂದರು.

ನಾನು ಉತ್ತರ ಕೊಡುವ ಮೊದಲು ಕಚೇರಿಯಿಂದ ಕರೆ. ಸಂಪಾದಕರು ಕೂಡಲೇ ಬರಹೇಳಿದ್ದರು. ನಮ್ಮ ಸಂಪಾದಕರು ತಮ್ಮ ಪತ್ರಿಕೆಯನ್ನು ಓದುವುದಿಲ್ಲ ಎಂಬ ಭರವಸೆಯ ಮೇಲೆ ನಾವೆಲ್ಲ ಬದುಕಿದವರು. ಅವತ್ತು ಓದಿದ್ದರು. ಒಳಗೆ ಹೋದೊಡನೆ ಬಾಗಿಲು ಹಾಕಿ ಎಂದರು. ನನ್ನ ಮನಸ್ಸಿನಲ್ಲಿ ಮುಂದಿನ ಕೆಲಸದ ಯೋಚನೆ ಹಾದುಹೋಯಿತು. ಈ ವಯಸ್ಸಿನಲ್ಲಿ, ಈ ಅನುಭವದೊಂದಿಗೆ, ಯಾರಿಗೆ ಯಾವ ಹಡಗು ಯಾವಾಗ ಹೊರಟಿತು ಎಂದು ಹೇಳಿ ಹೊಟ್ಟೆ ಹೊರೆಯಲಿ?

“ಯಾರ್ರೀ ಇವರು?” ಎಂದು ಸಂಪಾದಕರು ಆ ಸಾಲಿನ ಮೇಲೆ ಬೆರಳಿಟ್ಟರು.

“ನಮ್ಮ ಅತ್ತೆ ಸಾರ್.”

“ಇವತ್ತೇ ಹುಟ್ಟಿದ್ದಾ?”

“ಗೊತ್ತಿಲ್ಲ ಸಾರ್. ಶಾಲೆ ಪ್ರಕಾರ ಜೂನ್ ಒಂದು.” ಉಳಿದದ್ದನ್ನೂ ಹೇಳಿಬಿಟ್ಟೆ: ಚಡ್ಡಿ, ಮಳೆ, ಬೆಲ್ಲ.

ಸಂಪಾದಕರು ಆ ಸಾಲಿನ ಮೇಲಿದ್ದ ಬೆರಳು ತೆಗೆದರು. “ನಮ್ಮಮ್ಮಂದೂ ಜೂನ್ ಒಂದೇ ಕಣ್ರೀ” ಎಂದರು. ಆಮೇಲೆ ಧ್ವನಿ ತಗ್ಗಿಸಿ, “ಡಿಸೆಂಬರಲ್ಲಿ ಏನಾದ್ರೂ ಖಾಲಿ ಇದೆಯಾ?” ಎಂದರು.

ಮರುದಿನ ಅತ್ತೆಯವರನ್ನು ಆ ಶಾಲೆಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ವೇದಿಕೆಯ ಮೇಲೆ ಹಾಕಿದ ಕುರ್ಚಿಯಲ್ಲಿ, ಬಹಳ ವರ್ಷಗಳಿಂದ ಇಂಥ ಕುರ್ಚಿಗಳಲ್ಲೇ ಕುಳಿತು ಅಭ್ಯಾಸವಾದವರಂತೆ ಕುಳಿತರು. ಮುಖ್ಯೋಪಾಧ್ಯಾಯರು ಅಪಾರ ಸೇವೆಯ ಬಗ್ಗೆ, ಯಾವ ಸೇವೆ ಎಂಬುದನ್ನು ಎಲ್ಲೂ ಬಿಟ್ಟುಕೊಡದೆ, ಒಳ್ಳೆಯ ಭಾಷಣ ಮಾಡಿದರು. ಮಕ್ಕಳು ಪ್ರಶ್ನೆ ಕೇಳಬಹುದು ಎಂದರು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು, “ಅಜ್ಜಿ, ನೀವು ಏನು ಮಾಡಿದ್ರಿ?” ಎಂದಳು.

ನಾನು ನೆಲ ನೋಡಿದೆ. ಮುಖ್ಯೋಪಾಧ್ಯಾಯರು ಬಾವುಟದ ಕಂಬ ನೋಡಿದರು.

“ಏನೂ ಮಾಡಿಲ್ಲ ಪುಟ್ಟಿ” ಎಂದರು ಅತ್ತೆ ಮೈಕಿನಲ್ಲಿ, ಒಂದಿಷ್ಟೂ ಅಳುಕದೆ. “ಸುಮ್ಮನೆ ಹುಟ್ಟಿದೆ. ನಮ್ಮಪ್ಪ ಮನೆ ಮನೆಗೆ ಹೋಗಿ, ಹೆಣ್ಣುಮಗು ಅಂತ ಹೇಳಿ, ಎಲ್ಲರಿಗೂ ಬೆಲ್ಲ ಕೊಟ್ರು.”

ಮಕ್ಕಳು ಚಪ್ಪಾಳೆ ಹೊಡೆದರು. ಮಕ್ಕಳು ಎಲ್ಲದಕ್ಕೂ ಹೊಡೆಯುತ್ತಾರೆ, ಗೊತ್ತು. ಆದರೆ ಮುಖ್ಯೋಪಾಧ್ಯಾಯರೂ ಹೊಡೆದರು, ಸ್ವಲ್ಪ ಹೊತ್ತಾದಮೇಲೆ ನಾನೂ ಹೊಡೆದೆ.

ಅದರ ಮಾರನೆಯ ಬೆಳಿಗ್ಗೆ ಅತ್ತೆ ಕಾಫಿ ಕುಡಿದು ನನ್ನ ಚೌಕವನ್ನು ಓದಿದರು. ಅವತ್ತಿನದು ನಾನು ಹಲವು ಪುಸ್ತಕಗಳನ್ನು ಹೋಲಿಸಿ, ಪ್ರತಿಯೊಂದು ಸಂಗತಿಯನ್ನೂ ಖಚಿತಪಡಿಸಿಕೊಂಡು ಬರೆದದ್ದು. ಓದಿ ಮುಗಿಸಿ ಪತ್ರಿಕೆಯನ್ನು ಪಕ್ಕಕ್ಕಿಟ್ಟು, “ಮೊನ್ನೆಯದು ಚೆನ್ನಾಗಿತ್ತು ಅಳಿಯಂದ್ರೇ. ಇವತ್ತು ಬರೀ ಯಾರ್ಯಾರೋ ಹುಟ್ಟಿದ್ದಾರೆ” ಎಂದರು. ಇಷ್ಟು ವರ್ಷ ನಿಜವನ್ನೇ ಬರೆದುಕೊಂಡು ಬಂದರೂ ಒಬ್ಬರೂ ಚೆನ್ನಾಗಿದೆ ಎಂದಿರಲಿಲ್ಲ. ಒಂದೇ ಒಂದು ಸಾಲನ್ನು ಊಹಿಸಿ ಬರೆದೆ, ಅದಕ್ಕೆ ಶಾಲೆಯಲ್ಲಿ ಚಪ್ಪಾಳೆ, ಕಚೇರಿಯಲ್ಲಿ ಬೇಡಿಕೆ. ಸದ್ಯ ನಾನು ಡಿಸೆಂಬರಿನಲ್ಲಿ ಯಾರೂ ಸಾಯದ ದಿನವೊಂದನ್ನು ಹುಡುಕುತ್ತಿದ್ದೇನೆ. ಸಂಪಾದಕರ ತಾಯಿಯವರು ಹುಟ್ಟಬೇಕಾಗಿದೆ.